ಮುಯ್ಯಿಗೆ ಬಂದ ತಂತ್ರಾಂಶ

ತೀರ್ಥಹಳ್ಳಿ ಸೀಮೆಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿರುವ ನಾನು, ಹನ್ನೊಂದು ಸಾವಿರ ಪುಸ್ತಕಗಳ ಲೆಕ್ಕವನ್ನು ಕೋಹಾ ಎಂಬ ಮುಕ್ತ ತಂತ್ರಾಂಶಕ್ಕೆ ಒಪ್ಪಿಸಲು ಹೊರಟಾಗ, ಆಡಳಿತ ಮಂಡಳಿಗೆ ಕೊಟ್ಟ ಟಿಪ್ಪಣಿಯಲ್ಲಿ ವೆಚ್ಚದ ಮುಂದೆ ಸೊನ್ನೆ ಬರೆದಿದ್ದೆ. ಆ ಸೊನ್ನೆ ತಪ್ಪಾಗಿತ್ತು.

ಕೋಹಾದತ್ತ ನನ್ನನ್ನು ಸೆಳೆದದ್ದು ಅದರ ಹುಟ್ಟಿನ ಕಥೆ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಜಿಲ್ಲೆಯ ಗ್ರಂಥಾಲಯದವರು, ತಮ್ಮ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟಲಾರದೆಂದು ಕಂಡು, ತಮಗಾಗಿ ಬರೆಸಿಕೊಂಡು, ಬಳಿಕ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಅದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಅದೂ ಮರಳಿ ಏನಾದರೂ ಸಲ್ಲಬೇಕೆಂಬ ನಿರೀಕ್ಷೆಯುಳ್ಳ ಉಡುಗೊರೆ. ನಾಟಿಗೆ ಮುಯ್ಯಾಳು ಕರೆಯುವ ಮನೆಯಲ್ಲಿ ಬೆಳೆದ ನನಗೆ ಆ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಮುಯ್ಯಾಳು ಬಂದ ದಿನ ಊಟ ಹಾಕಬೇಕು, ಮುಂದೊಂದು ದಿನ ನಮ್ಮ ಕೆಲಸ ಬಿಟ್ಟು ಅವರ ಗದ್ದೆಗೆ ಇಳಿಯಬೇಕು ಎಂಬುದು ಟಿಪ್ಪಣಿ ಬರೆಯುವಾಗ ನೆನಪಾಗಲಿಲ್ಲ.

ಹೆಚ್ಚು ಶ್ರಮ ಬೇಡಿದ್ದು ಕನ್ನಡವೇ. ನಮ್ಮ ಹಳೆಯ ಪಟ್ಟಿ ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಿಂದಿನ ಅಕ್ಷರಶೈಲಿಯಲ್ಲಿತ್ತು. ತೆರೆಯ ಮೇಲೆ ಕನ್ನಡವಾಗಿ ಕಾಣುತ್ತಿದ್ದದ್ದು ಒಳಗೆ ಬೇರೆಯದೇ ಸಂಕೇತಗಳ ಸಾಲು. ಎಲ್ಲ ಗಣಕಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಜಾಗ ತಪ್ಪಿದವು, ಒತ್ತಕ್ಷರಗಳು ಬಿಟ್ಟುಹೋದವು. ಅನುಮಾನ ಬಂದ ಪ್ರತಿಯೊಂದು ಹೆಸರನ್ನೂ ಕಪಾಟಿನಿಂದ ಪುಸ್ತಕ ತೆಗೆದು ನೋಡಿ ತಿದ್ದಿದೆ. ಬೇಸಿಗೆ ರಜೆ ಅದರಲ್ಲೇ ಮುಗಿಯಿತು. ಇಷ್ಟಾದರೂ ಕನ್ನಡದಲ್ಲಿ ಹುಡುಕಿದರೆ ಸರಿಯಾದ ಫಲಿತಾಂಶ ಬರುತ್ತಿರಲಿಲ್ಲ. ಝೀಬ್ರಾ ಎಂಬ ಕೋಹಾದ ಹುಡುಕು ವ್ಯವಸ್ಥೆಯನ್ನು, ಯೂನಿಕೋಡ್ ಪದಗಳನ್ನು ಸರಿಯಾಗಿ ಗುರುತಿಸುವ ಐಸಿಯು ಎಂಬ ವಿಧಾನಕ್ಕೆ ಬದಲಿಸಿ ಎಲ್ಲ ದಾಖಲೆಗಳ ಸೂಚಿಯನ್ನು ಮತ್ತೆ ಕಟ್ಟಬೇಕೆಂದು ತಿಳಿಯಲು ಮೂರು ವಾರ ಹಿಡಿಯಿತು.

ಜುಲೈ ಮಳೆಯಲ್ಲಿ ವಿದ್ಯುತ್ ಮತ್ತೆ ಮತ್ತೆ ಹೋಗಿ ಬಂದು ಡಿಸ್ಕ್ ಕೆಟ್ಟಿತು. ಪ್ರತಿರಾತ್ರಿ ತಾನಾಗಿಯೇ ಆಗುತ್ತಿದ್ದ ಬ್ಯಾಕಪ್ ಕೂಡ ಅದೇ ಡಿಸ್ಕಿನಲ್ಲಿತ್ತು. ಪೆನ್‌ಡ್ರೈವಿನಲ್ಲಿದ್ದ ನಕಲು ಹನ್ನೆರಡು ದಿನ ಹಳೆಯದು. ಆ ಹನ್ನೆರಡು ದಿನ ಪುಸ್ತಕ ಒಯ್ದ ವಿದ್ಯಾರ್ಥಿಗಳನ್ನು ತರಗತಿಗೇ ಹೋಗಿ ಕೇಳಿ ಬರೆದುಕೊಂಡೆ. ಹೆಚ್ಚಿನವರು ತಾವಾಗಿ ಎದ್ದು ಹೇಳಿದರೆಂಬುದನ್ನು ಇಲ್ಲಿ ದಾಖಲಿಸಲೇಬೇಕು. ಡಿಸ್ಕಿಗಿಂತ ನನ್ನನ್ನು ಹೆಚ್ಚು ಅಂಜಿಸಿದ್ದು, ಈ ಕೆಲಸ ನನ್ನೊಬ್ಬನಿಗೇ ಗೊತ್ತಿತ್ತೆಂಬ ಸಂಗತಿ.

ಈ ವರ್ಷದ ಟಿಪ್ಪಣಿಯಲ್ಲಿ ಯುಪಿಎಸ್ ಬ್ಯಾಟರಿ, ಎರಡನೆಯ ಡಿಸ್ಕ್, ವಾರಕ್ಕೆ ನಾಲ್ಕು ಗಂಟೆಯ ನನ್ನ ಸಮಯ, ಎಲ್ಲವನ್ನೂ ಬರೆದಿದ್ದೇನೆ. ಮಂಡಳಿ ಒಪ್ಪಿದೆ. ಕೋಹಾದ ಪರದೆಯ ಪದಗಳನ್ನು ರಾತ್ರಿ ಹೊತ್ತು ಒಂದಿಷ್ಟು ಕನ್ನಡಕ್ಕೆ ತರುತ್ತಿದ್ದೇನೆ; ನಾನು ತೀರಿಸಬಲ್ಲ ಮುಯ್ಯಿ ಅದು. ನಮ್ಮ ಸಹಾಯಕಿ ಶನಿವಾರ ಮಧ್ಯಾಹ್ನ ಬ್ಯಾಕಪ್ಪನ್ನು ಬೇರೊಂದು ಗಣಕಕ್ಕೆ ಇಳಿಸಿ ಪರೀಕ್ಷಿಸುತ್ತಾರೆ. ಮೊದಲೆಲ್ಲ ಹೆಜ್ಜೆಹೆಜ್ಜೆಗೂ ನನ್ನನ್ನು ಕೇಳುತ್ತಿದ್ದರು; ಕಳೆದ ಶನಿವಾರ ಒಮ್ಮೆಯೂ ಕೇಳಲಿಲ್ಲ.