ಮನೆಯೊಳಗಿನ ಟೊಮೇಟೊ ಗಿಡ ಸೊರಗುತ್ತಿದೆಯಾ? ಮೊದಲು ಮಣ್ಣು ಮುಟ್ಟಿ ನೋಡಿ

ಎಲೆ ಹಳದಿಯಾಯಿತು ಅಂತ ಕೂಡಲೇ ಗೊಬ್ಬರಕ್ಕೆ ಕೈ ಹಾಕಬೇಡಿ. ಮನೆಯೊಳಗೆ ಟೊಮೇಟೊ ಸೊರಗುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ, ಇಲ್ಲವೇ ಬೆಳಕು ಸಾಲದೆ.

ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಬಾಡಿದ್ದನ್ನು ಕಂಡು ಇನ್ನಷ್ಟು ನೀರು ಹಾಕುವವರೇ ಜಾಸ್ತಿ, ಗಿಡ ಸಾಯುವುದು ಅಲ್ಲೇ. ಕುಂಡದ ತಳದ ತೂತು ಕಟ್ಟಿಕೊಂಡಿದೆಯಾ ನೋಡಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಮೇಲ್ಮಣ್ಣು ಒಣಗುವ ತನಕ ಸುಮ್ನೆ ಬಿಟ್ಟುಬಿಡಿ. ಮಣ್ಣು ನಾರುತ್ತಿದ್ದರೆ ಗಿಡ ಎತ್ತಿ, ಕಂದಾಗಿ ಮೆತ್ತಗಾದ ಬೇರು ಕತ್ತರಿಸಿ, ಹೊಸ ಮಣ್ಣಿಗೆ ನೆಡಿ.

ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದು ಕಿಟಕಿ ಕಡೆ ವಾಲುತ್ತಿದ್ದರೆ ಬೆಳಕಿನ ಕೊರತೆ, ಅನುಮಾನವೇ ಬೇಡ. ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಗ್ರೋ ಲೈಟ್ (ಗಿಡಕ್ಕೆ ಬಿಸಿಲಿನ ಬದಲು ಹಾಕುವ ದೀಪ) ಆದರೆ 14ರಿಂದ 16 ಗಂಟೆ ಉರಿಸಿ, ಆದರೆ ರಾತ್ರಿ ಆರಿಸಲೇಬೇಕು. ಬಿಡುವಿಲ್ಲದ ಬೆಳಕಿನಲ್ಲಿ ಟೊಮೇಟೊ ಎಲೆ ಹಳದಿಯಾಗುತ್ತದೆ. ಉದ್ದವಾದ ಸಸಿಯನ್ನು ಎಸೆಯಬೇಡಿ, ಕೆಳಗಿನ ಎಲೆ ಕಿತ್ತು ಕಾಂಡವನ್ನೇ ಆಳಕ್ಕೆ ಹೂತರೆ ಅಲ್ಲೂ ಬೇರು ಬಿಡುತ್ತದೆ. ಎಷ್ಟು ಒಳ್ಳೆಯ ಗುಣ ಅಲ್ವಾ!

ನೀರು, ಬೆಳಕು ಎರಡೂ ಸರಿಯಿದ್ದರೆ ಮಾತ್ರ ಗೊಬ್ಬರದ ಯೋಚನೆ ಮಾಡಿ. ಹಳದಿ ಎಲ್ಲಿಂದ ಶುರುವಾಗಿದೆ ಅನ್ನುವುದೇ ಸುಳಿವು. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ. ಹಳೇ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ, ಅದೇ ಲಕ್ಷಣ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಎಲೆಯಡಿ ನೇರಳೆ ಬಣ್ಣ ಬಂದರೆ ರಂಜಕ ಸಿಗುತ್ತಿಲ್ಲ, ಮಣ್ಣು ತಣ್ಣಗಿದ್ದರೂ ಹೀಗಾಗುತ್ತದೆ, ಹಾಗಾಗಿ ಮೊದಲು ಗಿಡವನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ.

ಎಲೆಯ ಅಡಿಯನ್ನೂ ತಿರುಗಿಸಿ ನೋಡಿ. ಸಣ್ಣ ಚುಕ್ಕೆಗಳ ಜೊತೆ ನವಿರಾದ ಬಲೆ ಇದ್ದರೆ ನುಸಿ, ಅಲುಗಾಡಿಸಿದಾಗ ಬಿಳಿ ಹುಳು ಹಾರಿದರೆ ಬಿಳಿನೊಣ. ಎಲೆಯಡಿ ನೀರಿನಿಂದ ತೊಳೆದು, ತೆಳು ಸೋಪಿನ ನೀರು ಸಿಂಪಡಿಸಿ, ಕೆಲವು ದಿನ ಬಿಟ್ಟು ಮತ್ತೆ ಮಾಡಿ.

ಹೂ ಬಿಟ್ಟೂ ಕಾಯಿ ಕಟ್ಟದಿದ್ದರೆ ಒಳಗೆ ಗಾಳಿಯೂ ಇಲ್ಲ, ದುಂಬಿಯೂ ಇಲ್ಲ ಅನ್ನುವುದು ನೆನಪಿರಲಿ. ಪರಾಗ ಉದುರುವ ಹಾಗೆ ಹೂಗೊಂಚಲನ್ನು ದಿನಾ ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ತಟ್ಟಿ. ಕಾಯಿಯ ತುದಿ ಕಪ್ಪಾಗಿ ಕುಳಿ ಬಿದ್ದರೆ ಅದು ರೋಗವಲ್ಲ, ಮಣ್ಣನ್ನು ಒಂದು ದಿನ ಒಣಗಿಸಿ ಮರುದಿನ ನೀರು ತುಂಬಿಸಿದರೆ ಕಾಯಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ಅಂಥ ಕಾಯಿ ಕಿತ್ತುಹಾಕಿ, ಮಣ್ಣಿನ ತೇವ ಏರುಪೇರಾಗದ ಹಾಗೆ ನೀರು ಕೊಡಿ, ಮುಂದಿನ ಕಾಯಿಗಳು ಸರಿಯಾಗಿ ಬರುತ್ತವೆ.