ಸೈಂಟಾಲಜಿ ಬಿಟ್ಟು ಬಂದ್ಮೇಲೆ ಒಳಗೇ ಉಳಿದ ಹಿರಿಯರ ಜೊತೆ ಹೇಗಿರೋದು

ಎಲ್. ರಾನ್ ಹಬ್ಬರ್ಡ್ ಅಮೆರಿಕದಲ್ಲಿ ಕಟ್ಟಿದ ಸೈಂಟಾಲಜಿ ಅನ್ನೋ ಪಂಥ ಬಿಟ್ಟು ಬಂದ ಮೊದಲ ವರ್ಷ ನಂಗೆ ಸಿಟ್ಟು ಬರ್ತಿದ್ದಿದ್ದು ಮೇಲೆ ಕೂತಿರೋರ ಮೇಲಲ್ಲ, ನಂಗೆ ವರ್ಷಗಟ್ಟಲೆ ಆಡಿಟಿಂಗ್ (ಎದುರು ಕೂರಿಸಿ ಪ್ರಶ್ನೆ ಕೇಳ್ತಾ ಮನಸ್ಸಲ್ಲಿರೋದನ್ನ ಹೊರಗೆ ತೆಗೆಸೋ ಅಲ್ಲಿನ ಪದ್ಧತಿ) ಮಾಡಿದ, ಎಪ್ಪತ್ತು ದಾಟಿದ ಒಬ್ರು ಹಿರಿಯ ಹೆಂಗಸಿನ ಮೇಲೆ. ಇಷ್ಟು ಒಳ್ಳೆಯವರು, ಇಷ್ಟು ಓದ್ಕೊಂಡಿರೋರು, ಇವ್ರಿಗೂ ಕಾಣ್ಸಲ್ವಾ ಅಂತ. ಆಮೇಲೆ ಸಿಟ್ಟು ಹೋಗಿ ಸಂಕಟ ಬಂತು, ಮತ್ತೆ ಸಿಟ್ಟು. ನಿಮಗೂ ಹಿಂಗೇ ಆಗ್ತಿದ್ರೆ ಆಗ್ಲಿ ಬಿಡಿ, ಆದ್ರೆ ಸಿಟ್ಟಲ್ಲಿರುವಾಗ ಮಾತ್ರ ಅವ್ರಿಗೆ ಫೋನ್ ಮಾಡ್ಬೇಡಿ.

ನಾನು ಮಾಡ್ದೆ. ಹಬ್ಬರ್ಡ್ ಹೆಂಡತಿ ಮೇರಿ ಸೂಗೆ 1979ರಲ್ಲಿ ಸರ್ಕಾರಿ ದಾಖಲೆ ಕದ್ದ ಸಂಚಿನ ಕೇಸಲ್ಲಿ ಶಿಕ್ಷೆ ಆಗಿದ್ದೆಲ್ಲ ಒಂದೇ ಉಸಿರಲ್ಲಿ ಹೇಳ್ದೆ. ಅವ್ರು ಸುಮ್ನೆ ಕೇಳಿಸ್ಕೊಂಡು, ಆಡಿಟಿಂಗಲ್ಲಿ ಬಳಸೋ ಇ-ಮೀಟರ್ ಅನ್ನೋ ಯಂತ್ರದ ಮುಂದೆ ಕೂತಾಗಿನ ಅದೇ ಮೆತ್ತಗಿನ ದನಿಯಲ್ಲಿ "ಏನಮ್ಮ ಮಾಡ್ಬಿಟ್ಟೆ?" ಅಂದ್ರು. ನಂಗೆ ತಕ್ಷಣ ಅರ್ಥ ಆಯ್ತು. ಸಂಸ್ಥೆ ಬಿಟ್ಟು ಹೋಗೋರು, ಬೈಯೋರು ಎಲ್ಲ ತಾವೇ ಏನೋ ತಪ್ಪು ಮಾಡಿ ಮುಚ್ಚಿಟ್ಕೊಂಡಿರ್ತಾರೆ ಅಂತ ನಮಗೆಲ್ಲ ಕಲಿಸಿದ್ದೇ ಅಲ್ವಾ, ಅಂದ್ರೆ ನಾನು ಜೋರಾಗಿ ಬೈದಷ್ಟೂ ಅವ್ರಿಗೆ ಹಬ್ಬರ್ಡ್ ಹೇಳಿದ್ದೇ ನಿಜ ಅನ್ಸುತ್ತೆ. ಅದಕ್ಕೇ ಬ್ರೈನ್‌ವಾಶ್, ಕಲ್ಟ್ ಈ ಪದಗಳನ್ನ ಬಾಯಿಗೇ ತರ್ಬೇಡಿ.

ಅದರ ಬದಲು ಅವ್ರ ವಯಸ್ಸಿನ ಲೆಕ್ಕ ಹಾಕಿ. ಇದಕ್ಕೆಲ್ಲ ಮೂಲವಾದ ಹಬ್ಬರ್ಡ್ ಪುಸ್ತಕ ಡಯಾನೆಟಿಕ್ಸ್ ಬಂದಿದ್ದು 1950ರಲ್ಲಿ, ಬದುಕನ್ನೇ ಸಂಸ್ಥೆಗೆ ಮುಡಿಪಿಟ್ಟು ದುಡಿಯೋರ ದಳ ಸೀ ಆರ್ಗ್ ಶುರುವಾಗಿದ್ದು 1967ರಲ್ಲಿ. 1970ರ ಆಸುಪಾಸು ಇಪ್ಪತ್ತರ ಹುಡುಗರಾಗಿ ಸೇರಿದವ್ರಿಗೆ ಈಗ ಎಪ್ಪತ್ತೈದರ ಮೇಲೆ. ಆ ಕಡೆ ವಿಯೆಟ್ನಾಂ ಯುದ್ಧ ನಡೀತಿದೆ, ಈ ಕಡೆ ಹುಚ್ಚು, ಅಪರಾಧ, ಯುದ್ಧ ಇಲ್ಲದ ಲೋಕ ಕಟ್ತೀವಿ ಅಂತ ಕರೀತಾರೆ, ಹೋಗದೆ ಇರ್ತಾರಾ? ಮುಂದಿನ ಜನ್ಮಗಳನ್ನೂ ಸೇರಿಸಿ ಸೀ ಆರ್ಗ್‌ನ ನೂರು ಕೋಟಿ ವರ್ಷದ ಕಾಂಟ್ರಾಕ್ಟಿಗೆ ಸೈನ್ ಹಾಕಿದವ್ರು ಈಗ ಹೊರಗೆ ಬಂದ್ರೆ ಮನೆ ಇಲ್ಲ, ಉಳಿತಾಯ ಇಲ್ಲ, ಸ್ನೇಹಿತರೆಲ್ಲ ಒಳಗೆ, ಜೊತೆಗೆ ಐವತ್ತು ವರ್ಷ ಯಾತಕ್ಕೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕ್ಬೇಕು. ನಾನು ಮೂವತ್ತೆರಡಕ್ಕೆ ಬಂದೆ, ನಂಗೇ ಅಷ್ಟು ಕಷ್ಟ ಆಯ್ತು.

1986ರಲ್ಲಿ ಹಬ್ಬರ್ಡ್ ಸತ್ತಾಗ, ಮುಂದಿನ ಸಂಶೋಧನೆಗೆ ಅಂತ ಅವ್ರೇ ದೇಹ ಬಿಟ್ರು ಅಂತ ಸಂಸ್ಥೆಯವ್ರು ಅಂದಿದ್ದನ್ನ ಈ ಹಿರಿಯರು ಕೇಳಿದಾರೆ. 1996ರಲ್ಲಿ ಆಡಿಟರ್‌ಗಳು ಮತ್ತೆ ಮೊದಲಿಂದ ಟ್ರೈನಿಂಗ್ ತಗೊಳ್ಬೇಕು ಅಂದ್ರು, 2007ರಲ್ಲಿ ಹಳೇ ಪುಸ್ತಕಗಳನ್ನೇ ತಿದ್ದಿದೀವಿ ಅಂತ ಮತ್ತೆ ಕೊಳ್ಳೋಕೆ ಹೇಳಿದ್ರು. ಡೌಟ್ ಬಂದೇ ಇಲ್ಲ ಅಂತ ನಾನಂತೂ ನಂಬಲ್ಲ, ನುಂಗ್ಕೊಂಡಿದಾರೆ.

ಮಾತಾಡೋ ಅವಕಾಶ ಸಿಕ್ರೆ ಸೇರೋಕ್ಕಿಂತ ಮುಂಚಿನ ದಿನಗಳ ಬಗ್ಗೆ ಕೇಳಿ, ಏನು ಓದ್ತಿದ್ರಿ, ಯಾರ ಜೊತೆ ಸುತ್ತಾಡ್ತಿದ್ರಿ ಅಂತ. ಸಂಸ್ಥೆ ಬಗ್ಗೆ ಹೊಸ ಸುದ್ದಿ ಹೇಳೋಕ್ಕೆ ಹೋಗ್ಬೇಡಿ, ಯಾಕಂದ್ರೆ ಕೇಳಿಸ್ಕೊಂಡವ್ರು ನಿಮ್ಮ ಮೇಲೆ ರಿಪೋರ್ಟ್ ಬರೀಬೇಕು, ಇಲ್ಲಾಂದ್ರೆ ಮುಚ್ಚಿಟ್ಟು ಒಳಗೊಳಗೇ ನರಳ್ಬೇಕು. ನಿಮ್ಮನ್ನ ಎಸ್‌ಪಿ, ಅಂದ್ರೆ ಯಾರೂ ಸಂಪರ್ಕ ಇಟ್ಕೊಳ್ಬಾರದ ಸಂಸ್ಥೆಯ ಶತ್ರು ಅಂತ ಡಿಕ್ಲೇರ್ ಮಾಡಿದ್ರೆ ನಿಮ್ಮ ಒಂದು ಫೋನಿಂದ ಅವ್ರ ಬ್ರಿಡ್ಜ್ (ಹಂತ ಹಂತವಾಗಿ ಮೇಲೇರೋ ಅಲ್ಲಿನ ಸಾಧನೆಯ ದಾರಿ) ಅಲ್ಲೇ ನಿಲ್ಲುತ್ತೆ. ಫೋನ್ ಬೇಡ ಅಂದ್ರೆ ಅಲ್ಲಿಗೆ ಬಿಡಿ, ಆ ಮಾತು ಅವ್ರದ್ದಲ್ಲ ಅಂತ ನಿಮಗೂ ಗೊತ್ತಲ್ಲ.

ಎಲ್ಲ ಹಿರಿಯರನ್ನೂ ಒಂದೇ ತಕ್ಕಡಿಯಲ್ಲಿ ತೂಗ್ಬೇಡಿ. ತಾಯಿ ಮಕ್ಕಳನ್ನ ಬೇರೆ ಮಾಡೋ ಆರ್ಡರ್ ಕೊಟ್ಟವ್ರನ್ನ ವಯಸ್ಸಾಯ್ತು ಅಂತ ಕ್ಷಮಿಸ್ಬೇಕಿಲ್ಲ, ನಾನೂ ಕ್ಷಮಿಸಿಲ್ಲ.

ನನ್ನ ಆಡಿಟರ್ ಬರೀಬೇಡ ಅಂತ ಇನ್ನೂ ಹೇಳಿಲ್ಲ, ಅದಕ್ಕೆ ಅವ್ರ ಹುಟ್ಟುಹಬ್ಬಕ್ಕೆ ವರ್ಷಕ್ಕೊಂದು ಕಾರ್ಡ್ ಹಾಕ್ತೀನಿ. ನೀವೂ ಬರೆಯೋದಾದ್ರೆ ಬೇರೆಯವ್ರು ಒಡೆದು ಓದ್ತಾರೆ ಅಂದ್ಕೊಂಡೇ ಬರೀರಿ. ಅವ್ರು ನಿಮಗೆ ಮಾಡಿದ ಒಂದು ಒಳ್ಳೇದನ್ನ ನೆನೆಸ್ಕೊಳ್ಳಿ, ನಿಮ್ಮ ಅಡ್ರೆಸ್ಸು, ಫೋನ್ ನಂಬರ್ ಹಾಕಿ, ನಂಬರ್ ಮಾತ್ರ ಯಾವತ್ತೂ ಬದಲಾಯಿಸ್ಬೇಡಿ. "ಯಾವಾಗ ಬಂದ್ರೂ ಒಂದು ರೂಮ್ ಇದೆ, ಏನೂ ಕೇಳಲ್ಲ" ಅನ್ನೋ ಸಾಲನ್ನ ನಿಜವಾಗ್ಲೂ ರೂಮ್ ಇದ್ರೆ ಮಾತ್ರ ಬರೀರಿ.