ವಾಲ್ಡನ್ ಕೊಳದ ಐಸ್ ಕರಗಿದ್ದು ಯಾವತ್ತು?

ಕೆಲಸಕ್ಕೆ ಅಂತ ಬಾಸ್ಟನ್ ಕಡೆ ಬಂದ ವರ್ಷವೇ ವಾಲ್ಡನ್ ಕೊಳ ನೋಡಿದ್ದೆ. ಕಾನ್‌ಕಾರ್ಡ್ ಊರಿನ ಪಕ್ಕದಲ್ಲೇ ಇದೆ. ಬೇಸಿಗೆಯಲ್ಲಿ ಈಜೋಕೆ ಬರುವವರ ಜಾತ್ರೆ, ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರಿಂದ ಎರಡು ವರ್ಷ ಒಬ್ಬನೇ ಇದ್ದ ಕಾಡು ಇದೇನಾ ಅಂತ ನಗು ಬಂದಿತ್ತು.

ಎರಡು ವರ್ಷ ಕಳೆದ ಮೇಲೆ, ಆಫೀಸು ಸಾಕಾಗಿದ್ದ ಒಂದು ಜನವರಿಯಲ್ಲಿ, ನಾನೂ ಒಂದು ದಿನ ಅವನ ಹಾಗೆ ಇರೋಣ ಅಂತ ಹೊರಟೆ. ಫೋನು ಕಾರಲ್ಲಿ ಬಿಟ್ಟೆ. ಡಬ್ಬಿಯಲ್ಲಿ ಚಿತ್ರಾನ್ನ. ನಲವತ್ತು ನಿಮಿಷಕ್ಕೆ ಕಾಲು ಮರಗಟ್ಟಿತು, ಚಿತ್ರಾನ್ನ ಕಲ್ಲಾಯಿತು. ತಲೆ ತುಂಬ ಸೋಮವಾರದ ಮೀಟಿಂಗೇ ಓಡುತ್ತಿತ್ತು. ಸುಮ್ನೆ ಕೂರೋದು ನನ್ನ ಕೈಲಿ ಆಗೋ ಕೆಲಸ ಅಲ್ಲ.

ಮನೆಗೆ ಬಂದು, ಅಲ್ಲಿನ ಬದುಕಿನ ಬಗ್ಗೆ ಥೋರೋ ಬರೆದ ‘ವಾಲ್ಡನ್’ ಪುಸ್ತಕ ಮತ್ತೆ ತೆಗೆದೆ. ಈ ಸಲ ಕಣ್ಣಿಗೆ ಬಿದ್ದಿದ್ದೇ ಬೇರೆ. ಆ ಮನುಷ್ಯ ಸುಮ್ನೆ ಕೂತವನೇ ಅಲ್ಲ! 10 ಅಡಿ ಅಗಲ, 15 ಅಡಿ ಉದ್ದದ ಮನೆ ಕಟ್ಟಿ, 28 ಡಾಲರ್ 12½ ಸೆಂಟ್ ಆಯಿತು ಅಂತ ಲೆಕ್ಕ ಬರೆದವನು. ಎರಡೂವರೆ ಎಕರೆಯಷ್ಟು ನೆಲದಲ್ಲಿ, ಜಾಸ್ತಿ ಪಾಲು ಹುರುಳಿಕಾಯಿ ಬೀಜವನ್ನೇ ಬಿತ್ತಿ ಕಳೆ ಕಿತ್ತವನು. ಕೊಳಕ್ಕೆ ತಳವೇ ಇಲ್ಲ ಅಂತ ಊರವರು ನಂಬಿದ್ದರು. ಇವನು 1846ರಲ್ಲಿ ಐಸ್ ಕರಗುವ ಮೊದಲೇ ಹೋಗಿ, ಮೀನಿನ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದ. 102 ಅಡಿ. ಊರಿಗೆ ಊರೇ ಒಂದು ಮಾತು ಹೇಳುತ್ತಿತ್ತು, ದಾರ ಇಳಿಸಿ ತಳ ಕಂಡವನು ಇವನು.

ಥೋರೋ, ಅವನ ಹಿರಿಯ ಗೆಳೆಯನಾದ ಲೇಖಕ ಎಮರ್ಸನ್, ಇಂಥವರ ಗುಂಪಿಗೆ ಕನ್ನಡದಲ್ಲಿ ಅತೀಂದ್ರಿಯವಾದಿಗಳು (ಟ್ರಾನ್ಸೆಂಡೆಂಟಲಿಸ್ಟ್) ಅಂತಾರೆ. ಆ ಹೆಸರು ಕೇಳಿದರೆ ಮಾಟ-ಮಂತ್ರದವರು ಅನ್ನಿಸುತ್ತೆ, ಅಲ್ವಾ? ಎಮರ್ಸನ್ 1836ರಲ್ಲಿ ಕೇಳಿದ್ದು ತುಂಬ ಸರಳ ಪ್ರಶ್ನೆ. ಹಿಂದಿನವರು ದೇವರನ್ನೂ ಪ್ರಕೃತಿಯನ್ನೂ ನೇರವಾಗಿ ಕಂಡರು, ನಾವು ಮಾತ್ರ ಅವರ ಕಣ್ಣಿನಿಂದ ಯಾಕೆ ನೋಡಬೇಕು? ಥೋರೋ ಮನೆ ಕಟ್ಟಿದ್ದು ಈ ಎಮರ್ಸನ್ನನ ಜಾಗದಲ್ಲೇ.

ಹಾಗಾಗಿ ನಾನೂ ಒಂದು ಕೆಲಸ ಹಿಡಿದುಕೊಂಡೆ. ಕೊಳದ ಐಸ್ ಪೂರ್ತಿ ಕರಗಿದ ದಿನವನ್ನು ಥೋರೋ ಬರೆದಿಟ್ಟಿದ್ದಾನೆ. 1845ರಲ್ಲಿ ಏಪ್ರಿಲ್ 1, 1846ರಲ್ಲಿ ಮಾರ್ಚ್ 25, 1847ರಲ್ಲಿ ಏಪ್ರಿಲ್ 8. ನಾನೂ ಬರೆಯೋಣ ಅಂತ ಫೆಬ್ರವರಿ ಕೊನೆಯಿಂದ ವಾರಕ್ಕೆ ಎರಡು ಸಲ, ಆಫೀಸಿಗೆ ಮೊದಲು ಹೋಗತೊಡಗಿದೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆಂದರೆ ಚಳಿಗೆ ಪೆನ್ನು ಬರೆಯಲ್ಲ. ಥೋರೋ ಮನೆಯವರದು ಪೆನ್ಸಿಲ್ ಮಾಡುವ ಕಸುಬೇ ಆಗಿತ್ತು, ಅದು ಆಮೇಲೆ ನೆನಪಾಯಿತು.

ನಿಯಮ ಒಂದೇ: ಮೊದಲು ಕಂಡದ್ದನ್ನು ಬರೆಯೋದು, ಹೆಸರು ಮನೆಗೆ ಬಂದ ಮೇಲೆ ಹುಡುಕೋದು. ಇದನ್ನು ಕಲಿತದ್ದು ಪೆಟ್ಟು ತಿಂದೇ. ಮೊದಲ ವಸಂತದಲ್ಲಿ ದಡದ ಪೊದೆಯೊಂದು ಬಿಳಿ ಹೂ ಬಿಟ್ಟಿತ್ತು. ‘ಬ್ಲೂಬೆರಿ’ ಅಂತ ಬರೆದು ಬೀಗಿದೆ. ಅದು ಶ್ಯಾಡ್‌ಬುಷ್ ಅನ್ನೋ ಬೇರೆಯೇ ಗಿಡ. ಅದರ ಎಸಳು ಉದ್ದ, ಬಿಡಿಬಿಡಿ. ಬ್ಲೂಬೆರಿ ಹೂವು ಪುಟ್ಟ ಗಂಟೆ ಥರ ತಲೆ ತಗ್ಗಿಸಿರುತ್ತೆ. ಹೆಸರು ಬರೆದ ಕೂಡಲೇ ನಾನು ನೋಡೋದನ್ನೇ ನಿಲ್ಲಿಸಿಬಿಟ್ಟಿದ್ದೆ. ಥೋರೋ ಬರೆದಿಟ್ಟ ಹೂಬಿಡುವ ದಿನಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಜೊತೆಯವರು ಈ ಕಾಲದ ದಿನಗಳ ಜೊತೆ ಹೋಲಿಸಿದ್ದಾರೆ. ಕಾನ್‌ಕಾರ್ಡ್‌ನ ಗಿಡಗಳು ಸರಾಸರಿ ಒಂದು ವಾರ ಮುಂಚೆ ಹೂ ಬಿಡುತ್ತಿವೆ ಅಂತ 2008ರಲ್ಲಿ ತೋರಿಸಿದರು. ಥೋರೋ ಕೂಡ ನನ್ನ ಹಾಗೆ ‘ಬ್ಲೂಬೆರಿ’ ಅಂತ ಗೀಚಿದ್ದರೆ ಅದು ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ.

ಒಂಟಿಯಾಗಿ ಇರೋದರ ಬಗ್ಗೆಯೂ ನನ್ನ ಲೆಕ್ಕ ತಪ್ಪಾಗಿತ್ತು. ಅವನ ಗುಡಿಸಲಿನಿಂದ ಊರು ಒಂದೂವರೆ ಮೈಲಿ ಅಷ್ಟೇ. ದಿನಕ್ಕೋ ಎರಡು ದಿನಕ್ಕೋ ಊರಿಗೆ ಹೋಗಿ ಹರಟೆ ಕೇಳಿ ಬರುತ್ತಿದ್ದ. ಕೊಳದ ಪಕ್ಕದಲ್ಲೇ ರೈಲು ಓಡುತ್ತಿತ್ತು, ಈಗಲೂ ಓಡುತ್ತೆ. 1846ರ ಜುಲೈನಲ್ಲಿ ರಿಪೇರಿಗೆ ಕೊಟ್ಟ ಶೂ ತರೋಕೆ ಹೋದಾಗಲೇ ಅವನನ್ನು ಜೈಲಿಗೆ ಹಾಕಿದ್ದು. ಗುಲಾಮಗಿರಿ ನಡೆಸುವ ಸರ್ಕಾರಕ್ಕೆ ತೆರಿಗೆ ಕೊಡಲ್ಲ ಅಂದಿದ್ದ. ಒಂದೇ ರಾತ್ರಿ. ಬೆಳಗ್ಗೆ ಬಿಟ್ಟ ಮೇಲೆ ಶೂ ತಗೊಂಡು, ಊರವರ ಜೊತೆ ಹಕಲ್‌ಬೆರಿ ಹಣ್ಣು ಕೀಳೋಕೆ ಹೋದ. ಈ ಕೊನೆಯ ಭಾಗ ನನಗೆ ತುಂಬ ಇಷ್ಟ.

ಈ ವರ್ಷ ಮಾರ್ಚ್‌ನ ಒಂದು ಬೆಳಗ್ಗೆ ಅಲ್ಲಿ ಮೀನು ಹಿಡಿಯುವ ವಯಸ್ಸಾದವರೊಬ್ಬರು ಸಿಕ್ಕರು. ಮೂರು ವರ್ಷದಿಂದ ಮುಖಪರಿಚಯ.

“ಇವತ್ತು ಐಸ್ ಪೂರ್ತಿ ಹೋಗಿದೆ, ಬರಕೋ” ಅಂದರು.

ದಡದ ದಾರಿಯಲ್ಲಿ ಒಂದು ಸುತ್ತು ಹಾಕಿದೆ. ನೆರಳು ಬೀಳುವ ಒಂದು ಮೂಲೆಯಲ್ಲಿ ಚಾಪೆ ಅಗಲದ ಬೂದು ಐಸ್ ಇನ್ನೂ ತೇಲುತ್ತಿತ್ತು. ಬಂದು ಹೇಳಿದೆ.

“ಅದೂ ಒಂದು ಐಸಾ?” ಅಂತ ನಕ್ಕರು.

ನಲವತ್ತು ವರ್ಷ ಈ ಕೊಳ ನೋಡಿದವರು. ನೋಟ್‌ಬುಕ್‌ನಲ್ಲಿ ‘ಇಲ್ಲ, ಚಾಪೆಯಷ್ಟು ಉಳಿದಿದೆ’ ಅಂತ ಬರೆದೆ. ಕೆಳಗೆ ಅವರ ಮಾತನ್ನೂ ಬರೆದೆ. ಮಾರನೇ ದಿನ ಆಫೀಸಿಗೆ ಲೇಟಾದರೂ ಪರವಾಗಿಲ್ಲ ಅಂತ ಮತ್ತೆ ಹೋದೆ. ಅವರು ನನಗಿಂತ ಮೊದಲೇ ಬಂದು, ಅದೇ ಮೂಲೆಯಲ್ಲಿ ಬಗ್ಗಿ ನೋಡುತ್ತಾ ನಿಂತಿದ್ದರು.